ಅಪ್ಪನಿಗೆ ಆ ಬರ್ಗರ್ ಕೊಡಬೇಡ

ಅಂಬಿಕಾ,

ಫ್ರಿಜ್ಜಿನಲ್ಲಿ ಉಳಿದಿರುವ ಸೋಯಾ ಬರ್ಗರನ್ನು ನಾನು ಫೋನ್ ಮಾಡುವವರೆಗೆ ಅಪ್ಪನಿಗೆ ಕೊಡಬೇಡ. ಡಾಕ್ಟರು ಹಂದಿ ಮಾಂಸ, ಉಪ್ಪು ಎರಡನ್ನೂ ಕಡಿಮೆ ಮಾಡಿ ಅಂದಿದ್ದರಲ್ಲ, ಪ್ಯಾಕೆಟ್ಟಿನ ಹಿಂದೆ ಓದಿದರೆ ಇದರಲ್ಲೂ ಬೇಕಾದಷ್ಟು ಉಪ್ಪಿದೆ. "ಹಂದಿಯಷ್ಟೇ ರುಚಿ ಆಗಿದೆ ಮಾರಾಯ್ತಿ, ಮಾಂಸ ಅಲ್ಲ ಅಂದ್ಮೇಲೆ ಎಷ್ಟು ತಿಂದ್ರೆ ಎಂತ?" ಅಂತ ನಿನ್ನೆ ನಾಲ್ಕು ತಿಂದರು. ಬೆಳಿಗ್ಗೆ ನೋಡಿದರೆ ಕಾಲು ಊದಿದೆ. ಆಸ್ಪತ್ರೆಗೆ ಕರೆದರೆ ಬರಲಿಲ್ಲ. ಬರ್ಗರಿನ ಕವರ್ ಹಿಡಿದುಕೊಂಡು ನಾನೇ ಕೊಪ್ಪಕ್ಕೆ, ಡಾಕ್ಟರ ಹತ್ತಿರ ಹೊರಟಿದ್ದೇನೆ.

ಕಡುಬು ಬೆಂದಿದೆ. ಹೆಸರುಕಾಳಿನ ಪಲ್ಯಕ್ಕೆ ಉಪ್ಪು ಹಾಕಿಲ್ಲ, ಬೈದರೂ ಹಾಕಬೇಡ. ಅಪ್ಪನಿಗೆ ಏದುಸಿರು ಬಂದರೆ ನನಗಾಗಿ ಕಾಯದೆ ಪಕ್ಕದ ಮನೆ ಹರೀಶನ ಜೀಪು ಕರೆಸು.

ನೀನು ಆ ಬರ್ಗರ್ ತಂದದ್ದು ಒಳ್ಳೆಯದಕ್ಕೇ ಮಗಳೇ. ಅಪರೂಪಕ್ಕೆ ಖುಷಿಯಾಗಿ ತಿನ್ನುತ್ತಿದ್ದಾರೆ ಅಂತ ನಾಲ್ಕನೆಯದನ್ನು ಬಡಿಸಿದವಳು ನಾನು.

ಅಮ್ಮ