ಆರು ಸೆಷನ್‌ಗೆ ಒಂದು ಚೀಟಿ

ಅಕ್ಟೋಬರ್ 10, ಮಂಗಳವಾರ

ವಿಮೆಗೆ ಕಳಿಸುವ ತಿಂಗಳ ಬಿಲ್ಲುಗಳ ಕಟ್ಟು ಇನ್ನೂ ಮುಗಿದಿಲ್ಲ. ಚಿಕಿತ್ಸೆಗೆ ಬರೆದ ಎರಡು ಚೀಟಿ ಡಾಕ್ಟರಿಗೆ ವಾಪಸ್. ಒಂದರಲ್ಲಿ ತಾರೀಖಿಲ್ಲ, ಇನ್ನೊಂದರಲ್ಲಿ ಸಹಿ ಇಲ್ಲ. ಹಾಗೇ ಕಳಿಸಿದರೆ ಸರ್ಕಾರಿ ವಿಮೆಯವರು ಬಿಡಿಕಾಸೂ ಕೊಡುವುದಿಲ್ಲ, ಮಗಳು ಗೇಶೆ ಬೆವರು ಸುರಿಸಿದ್ದು ದಂಡ. ಅವಳಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ. ಬೆನ್ನು, ಮಂಡಿ, ಭುಜ ಅವಳದು. ಕಾಗದ ನನ್ನದು. ಫಿಸಿಯೋ ಕ್ಲಿನಿಕ್ ಅವಳ ಹೆಸರಲ್ಲಿದೆ ನಿಜ. ಬೋರ್ಡಿನ ಮೇಲೆ ಮೈಂಡರ್ಸ್ ಅಂತ ಇರುವುದು ನಮ್ಮೆಲ್ಲರ ಮನೆತನದ ಹೆಸರು.

ಶ್ರೀಮತಿ ಬ್ಲೇಕರ್ ಕೌಂಟರಿನಲ್ಲಿ ಗೊಣಗಿದಳು. ಆರು ಸೆಷನ್ ಮುಗಿದಿವೆ, ಹೊಸ ಚೀಟಿ ತರಬೇಕು.

"ಮತ್ತೆ ಡಾಕ್ಟರ್ ಹತ್ರ ಹೋಗಿ ಕಾದು ಕೂರ್ಬೇಕಾ ಥೇಡಾ? ಅದೇ ಮಂಡಿ, ಅದೇ ನೋವು."

"ಅದೇ ನೋವಾ ಬೇರೆ ನೋವಾ ಅಂತ ಅವ್ರು ನೋಡ್ಲಿ ಅಂತಾನೇ ಆರಕ್ಕೆ ನಿಲ್ಸಿರೋದು."

"ನಿನ್ನ ಹತ್ರ ಮಾತಾಡಿ ಗೆಲ್ಲೋಕಾಗುತ್ತಾ."

"ಚೀಟಿಯ ಹಿಂಬದಿ ಸಹಿ ಹಾಕು. ಇವತ್ತಿನ ಸಾಲಲ್ಲಿ ಮಾತ್ರ."

ಕೆಲವರು ಆರೂ ಸಹಿ ಒಂದೇ ದಿನ ಹಾಕಿಬಿಡುತ್ತೇವೆ ಅನ್ನುತ್ತಾರೆ. ನನ್ನ ಮುಂದೆ ಅದು ನಡೆಯುವುದಿಲ್ಲ.

ಸಂಜೆ ಬಾಗಿಲು ಹಾಕಿದ ಮೇಲೆ ನನ್ನ ಗಂಡ ಓನ್ನೊನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿಕೊಂಡು ಗೇಶೆ ಅವನ ಬೆನ್ನು ತಿಕ್ಕಿದಳು. ಜೀವಮಾನವೆಲ್ಲ ಛಾವಣಿಗಳ ಮೇಲೆ ಕೂತು ಹೆಂಚು ಹೊದಿಸಿದವನ ಬೆನ್ನು ನೋಯದೆ ಇರುತ್ತದೆಯೇ. ಮುಗಿದ ಮೇಲೆ ನನ್ನ ಹತ್ತಿರ ಬಂದು ನಿಂತಳು.

"ಅಮ್ಮ, ಅಪ್ಪನಿಗೆ ಒಂದು ಚೀಟಿ ಮಾಡ್ಸು. ಡಾಕ್ಟರ್ ಒಂದ್ಸಲ ನೋಡ್ಲಿ."

ಬೇಡ ಎಂದೆ. ಇದಕ್ಕೆ ಮುಂಚೆಯೂ ಹೇಳಿದ್ದೇನೆ.

ಅಕ್ಟೋಬರ್ 19, ಗುರುವಾರ

ಚಹಾದ ಹೊತ್ತಿಗೆ ಗೇಶೆ ಮತ್ತೆ ಅದೇ ಮಾತು ತೆಗೆದಳು.

"ಎಲ್ಲರ ಹಾಗೆ ನಾವೂ ವಿಮೆ ಕಟ್ಟಿದ್ದೀವಿ. ಅಪ್ಪ ಏನು ಕದ್ದು ತಿಂತಿದ್ದಾರಾ?"

ಹೇಳಿದೆ. ಪಕ್ಕದ ಊರಿನ ಕ್ಲಿನಿಕ್‌ನವನು ಅತ್ತೆಯ ಹೆಸರಲ್ಲಿ, ಭಾವಮೈದನ ಹೆಸರಲ್ಲಿ ಮಾಡದ ಸೆಷನ್‌ಗೆಲ್ಲ ಬಿಲ್ ಹಾಕಿದ್ದ. ಪೇಪರಿನಲ್ಲಿ ಬಂತು. ಅವನ ಹೆಂಡತಿ ಈಗ ಮುಖ ತೋರಿಸಲಾಗದೆ ಬ್ರೆಡ್ ಕೊಳ್ಳಲು ಮೂರನೇ ಊರಿಗೆ ಹೋಗುತ್ತಾಳೆ. ಚಿಕಿತ್ಸೆ ಕೊಟ್ಟವಳು ಮೈಂಡರ್ಸ್, ತಗೊಂಡವನು ಮೈಂಡರ್ಸ್, ಬಿಲ್ ಬರೆದವಳು ಮೈಂಡರ್ಸ್ — ಅಂಥ ಕಾಗದ ನನ್ನ ಕಟ್ಟಿನಲ್ಲಿ ಇರಕೂಡದು.

"ಹಾಗಾದ್ರೆ ಬೇರೆ ಕಡೆ ಹೋಗ್ಲಿ."

"ಸ್ವಂತ ಮಗಳು ಇದೇ ಕೆಲಸ ಮಾಡ್ತಿರುವಾಗ ಇನ್ನೊಬ್ಬರ ಬಾಗಿಲಿಗಾ?"

"ಕೊನೇಪಕ್ಷ ಡಾಕ್ಟರ್ ಹತ್ರ ಆದ್ರೂ."

"ಡಾಕ್ಟರ್ ಏನ್ ಮಾಡ್ತಾರೆ? ಆರು ಸೆಷನ್ ಬರೀತಾರೆ. ನೀನು ಕೊಡ್ತಾನೇ ಇದ್ದೀಯಲ್ಲ."

ಓನ್ನೊ ಬಟ್ಟಲಲ್ಲಿದ್ದ ಕಲ್ಲುಸಕ್ಕರೆ ಹರಳಿನ ಮೇಲೆ ಬಿಸಿ ಚಹಾ ಸುರಿದುಕೊಂಡು ಅದು ಚಟಚಟ ಅನ್ನುವುದನ್ನು ಕೇಳುತ್ತಾ ಕೂತಿದ್ದ. "ಬಿಡು ಮಗಳೇ," ಅಂದ, ನನ್ನ ಕಡೆ ತಲೆ ಆಡಿಸಿ. "ಇನ್ಸ್‌ಪೆಕ್ಟರಮ್ಮ ತೀರ್ಪು ಕೊಟ್ಟಾಯ್ತು. ನನಗೂ ಒಳ್ಳೇದೇ, ಡಾಕ್ಟರ್ ಕಂಡ್ರೆ ಸಿಗರೇಟಿನ ಮಾತು ತೆಗೀತಾರೆ."

ಗೇಶೆ ನಗಲಿಲ್ಲ.

ನವೆಂಬರ್ 7, ಮಂಗಳವಾರ

ಓನ್ನೊ ಸೊರಗಿದ್ದಾನೆ. ಬೆಲ್ಟಿಗೆ ಹೊಸ ತೂತು ಹೊಡೆದುಕೊಂಡ. ಮೀನು ಅರ್ಧ ತಿಂದು ಬಿಟ್ಟ.

ಗೇಶೆ ಇವತ್ತು ಬೇಗ ನಿಲ್ಲಿಸಿದಳು. ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದು, ಅವನಿಗೆ ಕೇಳಿಸದ ಹಾಗೆ, "ಇದು ಛಾವಣಿಯ ನೋವಲ್ಲ ಅಮ್ಮ. ಮಲಗಿದ್ರೆ ಕಮ್ಮಿ ಆಗ್ಬೇಕು, ಜಾಸ್ತಿ ಆಗ್ತಿದೆ. ನನ್ನ ಕೈಗೆ ಬೇರೆ ಥರ ಸಿಗ್ತಿದೆ."

"ಬೇರೆ ಥರ ಅಂದ್ರೆ?"

"ಗೊತ್ತಿಲ್ಲ. ಅದಕ್ಕೇ ಹೇಳ್ತಿರೋದು."

ಗೊತ್ತಿಲ್ಲದ್ದಕ್ಕೆ ಗಾಬರಿಯಾಗುವುದು ಅವಳ ಹಳೆಯ ಚಾಳಿ. ಕ್ರಿಸ್‌ಮಸ್ ಮುಗಿಯಲಿ, ಜನವರಿಯಲ್ಲಿ ನೋಡೋಣ ಎಂದೆ. ವರ್ಷದ ಕೊನೆಯ ಬಿಲ್ಲುಗಳಿವೆ, ನನಗೆ ಪುರುಸೊತ್ತಿಲ್ಲ.

"ನಿನಗೆ ಪುರುಸೊತ್ತು ಯಾಕೆ ಬೇಕು? ನಾನು ಕರ್ಕೊಂಡು ಹೋಗ್ತೀನಿ."

"ಗೇಶೆ. ಜನವರಿ ಅಂದೆ."

ಕೈ ಒರೆಸಿದ ಬಟ್ಟೆ ಮಡಿಸಿಟ್ಟು ಹೋದಳು. ನಲವತ್ತಾರು ವರ್ಷದವಳು, ಆದರೂ ನನ್ನ ದನಿ ಇಳಿದರೆ ಸುಮ್ಮನಾಗುತ್ತಾಳೆ. ಹಾಗೇ ಬೆಳೆಸಿದ್ದೇನೆ.

ನವೆಂಬರ್ 28, ಮಂಗಳವಾರ

ಕಿಟಕಿಗೆ ನಕ್ಷತ್ರದ ದೀಪ ಕಟ್ಟಲು ಹೋಗಿ ಓನ್ನೊ ಸ್ಟೂಲಿನಿಂದ ಬಿದ್ದ. ಜಾರಿ ಬಿದ್ದದ್ದಲ್ಲ. ಬಲಗಾಲು ಏಳಲೇ ಇಲ್ಲವಂತೆ. "ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ ಥೇಡಾ," ಅಂದ, ಪಕ್ಕದ ಮನೆ ನಾಯಿಯ ಬಗ್ಗೆ ದೂರು ಹೇಳುವವನ ಹಾಗೆ.

ಗೇಶೆ ನನ್ನನ್ನು ಕೇಳಲಿಲ್ಲ. ಕೋಟು ಹಾಕಿದಳು, ಎತ್ತಿ ಕಾರಿನಲ್ಲಿ ಕೂರಿಸಿದಳು. ನಾನು ಅವನ ವಿಮೆ ಕಾರ್ಡು ತರುವಷ್ಟರಲ್ಲಿ ಹೊರಟೇಬಿಟ್ಟಿದ್ದರು. ಕಾರ್ಡು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಡಿಸೆಂಬರ್ 1, ಶುಕ್ರವಾರ

ಸ್ಕ್ಯಾನ್ ಆಯಿತು. ಬೆನ್ನೆಲುಬಿನ ಒಂದು ಮೂಳೆ ಒಳಗಿಂದ ತಿಂದುಹೋಗಿ ಕುಸಿದಿದೆ. ನರ ಒತ್ತಿಕೊಂಡಿತ್ತು. ಆವತ್ತೇ ಆಪರೇಷನ್ ಮಾಡಿದರು. ಗಡ್ಡೆ ಶುರುವಾದದ್ದು ಬೆನ್ನಿನಲ್ಲಲ್ಲ, ಕಿಡ್ನಿಯಲ್ಲಿ. ಅಲ್ಲಿಂದ ಹರಡಿದೆ.

ಹರಡಿದೆ ಎಂದರು. ಎಲ್ಲಿಯವರೆಗೆ ಎಂದು ಕೇಳಲಿಲ್ಲ.

ಡಿಸೆಂಬರ್ 9, ಶನಿವಾರ

ನಮ್ಮ ಡಾಕ್ಟರ್ ಕೂರ್ಡೆಸ್ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕರು. ಒಳ್ಳೆಯ ಮನುಷ್ಯ. ಕೈ ಹಿಡಿದುಕೊಂಡರು.

"ಓನ್ನೊ ಬೇಸಿಗೆಯಿಂದ ನಮ್ಮ ಕಡೆ ಬಂದೇ ಇಲ್ಲವಲ್ಲ. ನಾನಂದುಕೊಂಡೆ, ಮಗಳೇ ನೋಡಿಕೊಳ್ತಿದ್ದಾಳೆ, ಚೆನ್ನಾಗಿದ್ದಾನೆ ಅಂತ."

ಹೌದು, ಮಗಳೇ ನೋಡಿಕೊಳ್ಳುತ್ತಿದ್ದಳು ಎಂದೆ.

ಅಷ್ಟೇ ಹೇಳಿದೆ. ಗೇಶೆ ನನ್ನ ಹಿಂದೆಯೇ ನಿಂತಿದ್ದಳು. ಕೇಳಿಸಿಕೊಂಡಳು.

ಜನವರಿ 4, ಗುರುವಾರ

ಓನ್ನೊ ಮನೆಗೆ ಬಂದ. ಮಂಚ ಮುಂದಿನ ಕೋಣೆಯಲ್ಲಿ, ಕಾಲುವೆ ಕಾಣುವ ಹಾಗೆ. ಕೂರುತ್ತಾನೆ. ನಿಲ್ಲಲಾಗುವುದಿಲ್ಲ. ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸಬೇಕು. ನಾನೇ ಮಾಡುತ್ತೇನೆ. ಆಸ್ಪತ್ರೆಯವರು ನರ್ಸ್ ಕಳಿಸುತ್ತೇವೆ ಅಂದರು, ಬೆಳಗ್ಗೆ ಮಾತ್ರ ಸಾಕು ಎಂದೆ.

ಕೂರ್ಡೆಸ್ ಚೀಟಿ ಬರೆದುಕೊಟ್ಟರು. ಆರು ಸೆಷನ್, ಮನೆಗೇ ಬಂದು. ನಾನೇ ಕೇಳಿ ಬರೆಸಿದೆ. ತಾರೀಖು, ಸಹಿ, ಮೊಹರು ಎಲ್ಲ ನೋಡಿಕೊಂಡೆ. ಹೆಸರು: ಮೈಂಡರ್ಸ್, ಓನ್ನೊ.

ಗೇಶೆಯ ಮುಂದೆ ಇಟ್ಟೆ. ನೋಡಿದಳು, ಮುಟ್ಟಲಿಲ್ಲ.

"ಟಾಲ್ಕೆ ಮಾಡ್ಲಿ."

ಟಾಲ್ಕೆ ಅವಳ ಕೈಕೆಳಗೆ ಕೆಲಸ ಮಾಡುವ ಹುಡುಗಿ.

"ನಿನ್ನ ಅಪ್ಪ ನಿನ್ನ ಕೈ ಕೇಳ್ತಾನೆ, ಅವಳದ್ದಲ್ಲ."

"ಆ ಮೂಳೆ ಒಳಗೆ ಪುಡಿಯಾಗ್ತಿತ್ತು ಅಮ್ಮ. ಅದರ ಮೇಲೆ ನಾನು ಹೆಬ್ಬೆರಳು ಒತ್ತಿ ತಿಕ್ತಿದ್ದೆ. ಪ್ರತಿ ಮಂಗಳವಾರ." ತನ್ನ ಎರಡೂ ಕೈ ಮೇಜಿನ ಮೇಲಿಟ್ಟು ನೋಡಿದಳು. ಆಮೇಲೆ ಮಡಿಲಿಗೆ ಇಳಿಸಿಕೊಂಡಳು.

ಪಾತ್ರೆ ತೊಳೆಯಲು ಎದ್ದೆ.

ಜನವರಿ 23, ಮಂಗಳವಾರ

ಟಾಲ್ಕೆ ಬಂದು ಹೋದಳು. ಓನ್ನೊ ಚೀಟಿಯ ಹಿಂಬದಿ ಸಹಿ ಹಾಕಿದ. ಅಕ್ಷರ ಗೆರೆ ದಾಟಿ ಕೆಳಗೆ ಜಾರಿತು.

"ಇದು ನಡೆಯುತ್ತಾ ಇನ್ಸ್‌ಪೆಕ್ಟರಮ್ಮ, ವಾಪಸ್ ಬರುತ್ತಾ?"

"ನಡೆಯುತ್ತೆ."

"ಅಬ್ಬ. ಇಷ್ಟು ವರ್ಷಕ್ಕೆ ನಿನ್ನ ಕೈಲಿ ಪಾಸಾದೆ."

ಪೆನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡ. ನಿದ್ದೆ ಅಂದುಕೊಂಡೆ.

"ಗೇಶೆ ಪೇಷಂಟ್‌ಗಳನ್ನ ವಾಪಸ್ ಕಳಿಸ್ತಿದ್ದಾಳಂತೆ. ಟಾಲ್ಕೆ ಹೇಳಿದ್ಲು. ಒಬ್ಬರನ್ನೂ ಮುಟ್ತಿಲ್ವಂತೆ."

"ಸುಸ್ತಾಗಿದ್ದಾಳೆ."

"ಥೇಡಾ. ಅವಳಿಗೆ ಹೇಳು."

"ಏನ್ ಹೇಳ್ಲಿ?"

"ಅವಳ ತಪ್ಪಿಲ್ಲ ಅಂತ. ನನಗೆ ಬೇಜಾರಿಲ್ಲ. ನಾನೂ ಹೋಗ್ಲಿಲ್ಲ, ಕಾಲು ನನ್ನದೇ ಇತ್ತು, ನಡೆದು ಹೋಗಬಹುದಿತ್ತು. ಆದ್ರೆ ಅವಳು ನನ್ನ ಮಾತು ನಂಬಲ್ಲ. ಸಮಾಧಾನಕ್ಕೆ ಹೇಳ್ತಾನೆ ಅಂತಾಳೆ. ನೀನು ಹೇಳಿದ್ರೆ ನಂಬ್ತಾಳೆ. ನೀನು ಯಾವತ್ತೂ ಯಾರಿಗೂ ಸಮಾಧಾನಕ್ಕೆ ಏನೂ ಹೇಳಿದವಳಲ್ಲ."

ದಿಂಬು ಸರಿಮಾಡಿದೆ. ಸರಿಯಾಗಿಯೇ ಇತ್ತು.

ಫೆಬ್ರವರಿ 10, ಶನಿವಾರ

ಬೆಳಗ್ಗೆ ಓನ್ನೊ ಹೋದ. ಕಾಲುವೆಯ ಮೇಲೆ ತೆಳ್ಳಗೆ ಮಂಜುಗಡ್ಡೆ. ಗೇಶೆ ಅವನ ಒಂದು ಕಡೆ, ನಾನು ಒಂದು ಕಡೆ. ಅವನ ಕೈ ನಾನು ಹಿಡಿದಿದ್ದೆ. ಅವಳು ಹೊದಿಕೆಯ ಅಂಚು ಹಿಡಿದಿದ್ದಳು.

ಫೆಬ್ರವರಿ 21, ಬುಧವಾರ

ಮಣ್ಣಿಗೆ ಬಂದವರೆಲ್ಲ ಹೋದರು. ಚಹಾ ಕುಡಿದ ಬಟ್ಟಲುಗಳು ಇನ್ನೂ ಎರವಲು ಕೊಟ್ಟವರ ಮನೆಗೆ ಹೋಗಿಲ್ಲ.

ತಿಂಗಳ ಕಟ್ಟು ಕಟ್ಟಲು ಕೂತೆ. ಓನ್ನೊನ ಚೀಟಿ. ನಾಲ್ಕು ಸಹಿ, ಎರಡು ಸಾಲು ಖಾಲಿ. ಹಾಗೇ ಹರಿದುಬಿಡೋಣ ಅನ್ನಿಸಿತು. ಆದರೆ ಟಾಲ್ಕೆ ಬಂದು ದುಡಿದಿದ್ದಾಳೆ, ಅವಳ ದುಡಿಮೆಯನ್ನು ಹರಿಯುವ ಹಕ್ಕು ನನಗಿಲ್ಲ. ಸೆಷನ್ ನಡುವೆ ನಿಂತರೆ ಕಾರಣ ಬರೆಯಬೇಕು. ಬೇರೆಯವರ ಚೀಟಿಗಳಲ್ಲಿ ಎಷ್ಟು ಸಲ ಬರೆದಿದ್ದೇನೋ.

ಬರೆದೆ. ಅಕ್ಷರಕ್ರಮದಲ್ಲಿ ಅವನ ಜಾಗಕ್ಕೆ ಸೇರಿಸಿದೆ.

ಬಾಗಿಲಲ್ಲಿ ಗೇಶೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕ್ಲಿನಿಕ್ ಟಾಲ್ಕೆಗೆ ಬಿಟ್ಟುಕೊಡ್ತೀನಿ ಅಮ್ಮ. ಲೈಬ್ರರಿಯಲ್ಲಿ ಕೆಲಸ ಇದೆಯಂತೆ, ಏಪ್ರಿಲ್‌ನಿಂದ."

"ಪುಸ್ತಕ ಜೋಡಿಸೋಕಾ ನಿನ್ನ ಓದ್ಸಿದ್ದು?"

ಬಾಯಿಂದ ಬಂದದ್ದು ಇದು. ಓನ್ನೊ ಹೇಳು ಅಂದದ್ದು ಇದಲ್ಲ.

"ಪುಸ್ತಕ ಮುರಿಯಲ್ಲ," ಅಂದಳು.

ಮಾರ್ಚ್ 4, ಸೋಮವಾರ

ಬಲಭುಜ ಎತ್ತಲಾಗುತ್ತಿಲ್ಲ. ಜನವರಿಯಿಂದ ಓನ್ನೊನನ್ನು ಮಗ್ಗುಲು ತಿರುಗಿಸಿ ತಿರುಗಿಸಿ ಹೀಗಾಗಿದೆ. ಬಾಚಣಿಗೆ ಎಡಗೈಯಲ್ಲಿ. ಯಾರಿಗೂ ಹೇಳಿರಲಿಲ್ಲ.

ಇವತ್ತು ಕೂರ್ಡೆಸ್ ಹತ್ತಿರ ಹೋದೆ. ಎಲ್ಲರ ಜೊತೆ ಕಾದು ಕೂತೆ. ಶ್ರೀಮತಿ ಬ್ಲೇಕರ್ ಅಲ್ಲೇ ಇದ್ದಳು. "ನೀನಾ?" ಅಂದಳು. "ನಾನೇ," ಎಂದೆ. ಸರಿದು ಜಾಗ ಮಾಡಿಕೊಟ್ಟಳು.

"ಪೂರ್ತಿ ನೋಡಿ," ಎಂದು ಡಾಕ್ಟರಿಗೆ ಹೇಳಿದೆ. "ಮೂಳೆ, ರಕ್ತ, ಎಲ್ಲ. ಸಂಶಯ ಇರಕೂಡದು."

"ಇದು ಬರೀ ಉಳುಕು, ಥೇಡಾ."

"ಆದರೂ ಎಕ್ಸ್‌ರೇ ಬೇಕು. ಕಾಗದದ ಮೇಲೆ ಬೇಕು."

ಮುಖ ನೋಡಿದರು. ಅವರಿಗೆ ಅರ್ಥವಾಯಿತೋ ಏನೋ. ಬರೆದುಕೊಟ್ಟರು.

ಮಾರ್ಚ್ 14, ಗುರುವಾರ

ರಿಪೋರ್ಟು ಬಂತು. ಮೂಳೆ ಚೆನ್ನಾಗಿದೆ, ರಕ್ತ ಚೆನ್ನಾಗಿದೆ. ಚೀಟಿ: ಆರು ಸೆಷನ್, ಭುಜಕ್ಕೆ. ಹೆಸರು: ಮೈಂಡರ್ಸ್, ಥೇಡಾ.

ಕ್ಲಿನಿಕ್‌ಗೆ ಮುಂಬಾಗಿಲಿನಿಂದ ಹೋದೆ, ಪೇಷಂಟ್ ಹಾಗೆ. ಗೇಶೆ ಕಪಾಟಿನಿಂದ ತನ್ನ ಸಾಮಾನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದಳು. ಚೀಟಿ, ಎಕ್ಸ್‌ರೇ, ರಿಪೋರ್ಟು ಎಲ್ಲ ಅವಳ ಮುಂದೆ ಇಟ್ಟೆ.

"ಏನಿದು?"

"ನಿನಗೇ ಓದೋಕೆ ಬರುತ್ತಲ್ಲ."

ಓದಿದಳು. ಎರಡು ಸಲ ಓದಿದಳು. "ಇದಕ್ಕೆ ಬಿಲ್ ಯಾರು ಹಾಕ್ತಾರೆ?"

"ನಾನೇ."

"ಮೈಂಡರ್ಸ್, ಮೈಂಡರ್ಸ್, ಮೈಂಡರ್ಸ್."

"ಹೂಂ."

"ಜನ ಮಾತಾಡ್ತಾರೆ."

"ಮಾತಾಡ್ಲಿ."

"ಟಾಲ್ಕೆ ನಾಲ್ಕು ಗಂಟೆಗೆ ಬರ್ತಾಳೆ, ಅವಳ ಹತ್ರ ಮಾಡಿಸ್ಕೋ."

"ನಾಲ್ಕು ಗಂಟೆಗೆ ನನಗೆ ಕೆಲಸ ಇದೆ." ಹಿಂದಿನ ಕೋಣೆಗೆ ನಡೆದೆ. ಕುಪ್ಪಸ ಬಿಚ್ಚಲು ಒಂದೇ ಕೈಯಲ್ಲಿ ಒದ್ದಾಡಿದೆ. ಕರೆಯಲಿಲ್ಲ. ಮೇಜಿನ ಮೇಲೆ ಬೋರಲು ಮಲಗಿದೆ. ತಲೆಯ ಕಡೆ ಇರುವ ತೂತಿನಲ್ಲಿ ಮುಖ ಇಟ್ಟರೆ ನೆಲ ಮಾತ್ರ ಕಾಣುತ್ತದೆ. ನೆಲಹಾಸಿನ ಒಂದು ಸೀಳು. ಓನ್ನೊ ಇದನ್ನೇ ನೋಡುತ್ತಾ ಮಲಗುತ್ತಿದ್ದನೇ.

ಬಹಳ ಹೊತ್ತಾಯಿತು. ಚಳಿ ಹತ್ತಿತು. ಆಮೇಲೆ ಅವಳ ಬೂಟುಗಳು ಕಂಡವು.

ಕೈ ಇಟ್ಟಳು. ತಣ್ಣಗಿತ್ತು. ಬೆರಳು ಊರಲಿಲ್ಲ, ಸುಮ್ಮನೆ ತಾಗಿಸಿದಳು, ಬಿಸಿ ಒಲೆ ಮುಟ್ಟಿ ನೋಡುವವರ ಹಾಗೆ.

"ಇಲ್ಲೇನಾ?"

"ಇನ್ನೂ ಕೆಳಗೆ. ಇನ್ನೂ ಒತ್ತು."

"ಆಗಲ್ಲ ಅಮ್ಮ."

"ಡಾಕ್ಟರ್ ನೋಡಿದ್ದಾರೆ. ಒಳಗೆ ಏನೂ ಇಲ್ಲ. ಒತ್ತು."

ಒತ್ತಿದಳು. ನೋವಾಯಿತು. ಮುಖ ಕಾಣದಿದ್ದರೆ ಮಾತು ಬರುತ್ತದೆ. ನೆಲಕ್ಕೆ ಹೇಳಿದೆ.

"ನೀನು ಕೇಳಿದೆ. ಅಕ್ಟೋಬರಿನಲ್ಲಿ ಕೇಳಿದೆ, ನವೆಂಬರಿನಲ್ಲಿ ಕೇಳಿದೆ. ಬೇಡ ಅಂದವಳು ನಾನು. ಅವನು ಚೀಟಿಗೆ ಹೋಗಿದ್ದಿದ್ರೆ ಕೂರ್ಡೆಸ್ ಮುಟ್ಟಿ ನೋಡ್ತಿದ್ರು. ಆಸ್ಪತ್ರೆಯಲ್ಲಿ ಅವರು ಕೇಳಿದಾಗ್ಲೂ ನಾನು ನಿನ್ನ ಹೆಸರೇ ಹೇಳ್ದೆ. ಬೇರೆ ಥರ ಇದೆ ಅಂತ ನಿನ್ನ ಕೈಗೆ ಗೊತ್ತಾಗಿತ್ತು ಗೇಶೆ. ಕೈ ಸರಿಯಾಗೇ ಹೇಳಿತ್ತು. ಕೇಳದೆ ಇದ್ದವಳು ನಾನು."

ಅವಳ ಕೈ ನಿಂತಿತು.

ತೆಗೆಯುತ್ತಾಳೆ ಅಂದುಕೊಂಡೆ. ತೆಗೆಯಲಿಲ್ಲ. ನಿಂತಲ್ಲೇ ಭುಜದ ಮೇಲೆ ಇತ್ತು, ಇನ್ನೂ ತಣ್ಣಗೆ. ಆಮೇಲೆ ನಿಧಾನವಾಗಿ ಹೆಬ್ಬೆರಳು ಊರಿ ತಿಕ್ಕತೊಡಗಿದಳು.