ಕೆಂಪು ಬಟ್ಟೆ ಕಟ್ಟಿದ ಗಿಡಗಳು

ಹೈದರಾಬಾದು, ಶುಕ್ರವಾರ

ಚಿಗವ್ವಾ, ಶರಣು.

ಲಿಂಗಂಪಲ್ಲಿಯ ಆಚೆ, ನಮ್ಮ ಕಾಲೇಜಿನ ಹಿಂದೆ ಒಂದು ಕುರುಚಲು ಕಾಡಿದೆ. ನನ್ನ ಸಂಶೋಧನೆ, ಪಾಠ ಎರಡೂ ಅಲ್ಲೇ. ವರ್ಷವರ್ಷ ದಪ್ಪ ಅಳೆಯುವ ಗಿಡಗಳಿಗೆ ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿದ್ದೆ. ಸುತ್ತಲಿನ ಜನ ದೇವಿಯ ಗಿಡವೆಂದುಕೊಂಡರೇನೋ, ನೋಡನೋಡುತ್ತ ಅವುಗಳ ಬುಡಕ್ಕೆ ಅರಿಸಿನ, ಬಳೆ, ನಿಂಬೆಹಣ್ಣು ಬಂದವು.

ನಿನ್ನೆ ಹೊಸ ಕಟ್ಟಡಕ್ಕಾಗಿ ಕಾಡು ಕಡಿಯುವ ಆಳುಗಳು ಬಂದಿದ್ದರು. ಕಾವಲುಗಾರ ಸೂಗಪ್ಪ ಯಾದಗಿರಿ ಕಡೆಯವನು, ಅವರ ಮಾತು ತಂದು ಹೇಳಿದ: "ಬಟ್ಟಿ ಕಟ್ಟಿದ್ದು ಅಮ್ಮನ ಗಿಡ, ಮುಟ್ಟಂಗಿಲ್ಲ ಅಂತಾರ್ರೀ ಸರ. ಉಳಿದದ್ದೆಲ್ಲ ನಾಳೆ ನೆಲಕ್ಕ."

ಇವತ್ತು ಬೆಳಿಗ್ಗೆ ಸೂಗಪ್ಪ, ವಿದ್ಯಾರ್ಥಿಗಳ ಜೊತೆ ಹೋದರೆ ಒಂದು ಹಕ್ಕಿಯ ದನಿಯೂ ಇಲ್ಲ. ಉಳಿದ ಗಿಡಗಳಿಗೆಲ್ಲ ಕೆಂಪು ಬಟ್ಟೆ, ಕೈಗೆಟುಕದ ಕೊಂಬೆಗೂ! ಎಲ್ಲವುಗಳ ಬುಡಕ್ಕೂ ಅರಿಸಿನ, ಬಳೆ, ನಿಂಬೆಹಣ್ಣು. ನನ್ನ ಬಟ್ಟೆಯ ಸುರುಳಿ ಬೀರುವಿನ ಬೀಗದೊಳಗೇ ಇದೆ. ಇಬ್ಬನಿಯ ಹುಲ್ಲಿನ ಮೇಲೆ ನಮ್ಮವು ಬಿಟ್ಟರೆ ಬೇರೆ ಹೆಜ್ಜೆಗಳಿಲ್ಲ.

"ನೀ ಕಟ್ಟೀಯೇನೋ ಸೂಗಪ್ಪ?"

"ನನ್ನ ಧೋತರ ಬಿಳೀದೈತ್ರೀ ಸರ" ಎಂದ. ನಗಲಿಲ್ಲ.

ಕಡಿಯಲು ಬಂದ ಆಳುಗಳು ಕೈಮುಗಿದು ಲಾರಿ ತಿರುಗಿಸಿದರು. ಕಾಡು ಉಳಿಯಿತು.

ನನ್ನ ಕೆಮ್ಮು ವಾಸಿಯಾಗಿದೆ, ಅವ್ವನಿಗೆ ಹೇಳು.

ನಮ್ಮ ಕಡೆಯವಳೇ ಆದ ವಿದ್ಯಾರ್ಥಿನಿ ವರ್ಷಾ ಟೇಪು ಹಿಡಿದು, "ಸರ, ಇದರಾಗ ನಾವು ಅಳೆಯೋ ಗಿಡ ಯಾವು?" ಎಂದಳು. ನನಗೂ ಗುರುತು ಸಿಗಲಿಲ್ಲ. ಟೇಪು ಸುತ್ತಿಕೊಂಡು, ಗಿಡಗಳಿಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಎಲ್ಲರೂ ಹೊರಗೆ ಬಂದೆವು.

ನಿನ್ನ ಶರಣಕುಮಾರ