ಹೊನ್ನೂರಪ್ಪ ಮಾಮಾ ತಪ್ಪಿದ ದಿಕ್ಕು

ಅಬ್ಬಾ,

ನೀವು ತೀರಿಕೊಂಡ ಮೇಲೆ ಮೊದಲ ಸಲ ಇವತ್ತೊಂದು ತಮಾಷೆ ನಡೆಯಿತು. ಗಾರೆ ಕೆಲಸದಲ್ಲಿ ನಿಮ್ಮ ಶಿಷ್ಯ ಹೊನ್ನೂರಪ್ಪ ಮಾಮಾ ನಮ್ಮ ಹೊಸ ಪಾಯಖಾನೆಯ ಕಮೋಡನ್ನು ಮಕ್ಕಾದ ದಿಕ್ಕಿಗೇ ಕೂರಿಸಿಬಿಟ್ಟಿದ್ದರು.

"ನಮಾಜಿನ ಕಡೆ ಮುಖ ಮಾಡಿ ಕುಂದ್ರಬೇಕೇನೋ ಹೊನ್ನೂರ!" ಎಂದು ಅಮ್ಮಿ ಕೂಗಿದಳು.

ಮೊಬೈಲಿನ ದಿಕ್ಸೂಚಿ ಹಿಡಿದೆ. ಮಕ್ಕಾದ ಅಜಿಮತ್ ಇನ್ನೂರ ಎಂಬತ್ತೈದು ಡಿಗ್ರಿ ಎಂದಿತು.

"ಅದೇನವ್ವಾ?" ಎಂದರು ಮಾಮಾ.

ನಾಚುತ್ತಲೇ ವಿವರಿಸಿದೆ. ನಕ್ಷತ್ರವೋ ಊರೋ ಯಾವ ಕಡೆಗಿದೆ ಎಂದು ಉತ್ತರದಿಂದ ಅಳೆಯುವ ಕೋನ ಅದು. ಇಂಗ್ಲಿಷಿಗೆ ಅರಬ್ಬಿಯಿಂದ ಹೋದ ಪದ. ತಳಪಾಯ ಅಗೆಯುವ ಮೊದಲು ನೀವು ಮಾಮಾಗೆ "ಸಿಮ್ತ್ ನೋಡಲೇ" ಎನ್ನುತ್ತಿದ್ದಿರಲ್ಲ, ದಿಕ್ಕು ಎನ್ನುವ ಆ ಸಿಮ್ತಿಗೂ ಇದಕ್ಕೂ ಒಂದೇ ಬೇರು.

"ಅಂದ್ರ ಉಸ್ತಾದರು ನನಗ ಇಂಗ್ಲಿಷಿನ್ಯಾಗ ಬೈತಿದ್ರು ಅನ್ನು!" ಎಂದು ನಗುತ್ತ, ಸಿಮೆಂಟು ಗಟ್ಟಿಯಾಗುವ ಮೊದಲೇ ಮಾಮಾ ಅದನ್ನು ಬೇರೆ ದಿಕ್ಕಿಗೆ ತಿರುಗಿಸಿದರು.

ಲಿಂಗಸುಗೂರು ಕಾಲೇಜಿನಲ್ಲಿ ಅಪ್ಪ ಏನು ಮಾಡುತ್ತಾರೆಂದು ಕೇಳಿದಾಗಲೆಲ್ಲ ಗೌಂಡಿ ಎನ್ನಲು ನಾಚಿ ನಾನು ಮಾತು ತೇಲಿಸುತ್ತಿದ್ದೆ. ನಾಳೆ ಸಿಂಧನೂರಿನ ಶಾಲೆಯಲ್ಲಿ ಟೀಚರಾಗಿ ನನ್ನ ಮೊದಲ ಪಾಠ. ಸಿಮ್ತ್ ಎಂಬ ಈ ಪದದಿಂದಲೇ ಶುರು ಮಾಡುತ್ತೇನೆ. ಇದನ್ನು ನನಗೆ ಕಲಿಸಿದವರು ಮುದಗಲ್ಲಿನ ಗೌಂಡಿ ಬಾಬುಸಾಬ್, ನಮ್ಮ ಅಬ್ಬಾ ಎಂದು ಮೊದಲೇ ಹೇಳುತ್ತೇನೆ.

ನಸ್ರೀನ್